ಕಲ್ಲುಸಕ್ಕರೆ ಮೇಷ್ಟ್ರು

ನಮ್ಮ ಹಾಸ್ಟೆಲ್‌ನಲ್ಲಿ ಪಾಲಕ್ಕಾಡಿನ ಗೆಳೆಯನೊಬ್ಬನಿದ್ದಾನೆ. ಥರ್ಮೋಡೈನಮಿಕ್ಸ್ ಬಗ್ಗೆ ಕೇಳಿದ್ರೆ ಮುಖ ಆ ಕಡೆ ತಿರುಗಿಸ್ತಾನೆ. ಶಾಲೆಯ ಮಲಯಾಳಂ ಮಾಷ್ ಬಗ್ಗೆ ಕೇಳಿದ್ರೆ ಮಾತ್ರ ಮೆಸ್ ಬಾಗಿಲು ಹಾಕೋವರೆಗೂ ಮಾತು ನಿಲ್ಲಲ್ಲ. ಅವರ ‘ಮಾಷ್’, ನಮ್ಮ ‘ಮೇಷ್ಟ್ರು’ ಎರಡೂ ಹುಟ್ಟಿದ್ದು ಒಂದೇ ಇಂಗ್ಲಿಷ್ ಪದದಿಂದ. ಲೆಕ್ಕದ ಮೇಷ್ಟ್ರನ್ನು ಹೆದರಿಕೆಯಿಂದ, ಭಾಷೆ ಕಲಿಸಿದವರನ್ನು ಪ್ರೀತಿಯಿಂದ ನೆನೆಯೋದೂ ಎರಡು ಕಡೆ ಒಂದೇ ಥರ ಅನ್ಸುತ್ತೆ. ಅವನ ಮಾತಲ್ಲಿ ಪದೇ ಪದೇ ಬರೋ ಹೆಸರು ‘ಪಿ’. ಬರೀ ಒಂದಕ್ಷರ. ಅವನಿಗೆ ಕಲಿಸಿದವರಲ್ಲ, ಅವನು ಹುಟ್ಟೋಕೆ ಎಷ್ಟೋ ವರ್ಷ ಮೊದಲೇ ತೀರಿಕೊಂಡವರು. ಆದರೂ ಮಲಯಾಳಂ ಮೇಷ್ಟ್ರು ಅಂದ್ರೆ ಅವನ ಊರಿನ ಕಡೆ ಮೊದಲು ನೆನಪಾಗೋದು ಅವರಂತೆ.

ಪೂರ್ತಿ ಹೆಸರು ಪಿ. ಕುಞ್ಞಿರಾಮನ್ ನಾಯರ್. ‘ಪಿ’ ಅಂದ್ರೆ ಪನಯಂತಟ್ಟ, ತಾಯಿಯ ಮನೆತನದ ಹೆಸರು. ಅಳಿಯಕಟ್ಟು ಗೊತ್ತಿರೋ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಟ್ಟಿದ್ದು 1905ರಲ್ಲಿ, ಕಾಞಂಗಾಡ್ ಹತ್ತಿರದ ವೆಳ್ಳಿಕ್ಕೋತ್‌ನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಅಂದ್ರೆ ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಇವರೂ ಒಂದೇ ಜಿಲ್ಲೆಯವರು! 1956ರಲ್ಲಿ ಗಡಿ ಗೆರೆ ಎಳೆದಾಗ ಆ ಭಾಗ ಕೇರಳಕ್ಕೆ ಹೋಯ್ತು.

ಸಂಸ್ಕೃತ ಕಲಿಯಲು ಹುಡುಗ ಪಟ್ಟಾಂಬಿಗೆ ಹೋದ. ಅಲ್ಲಿ ಪುನ್ನಶ್ಶೇರಿ ನಂಬಿಯವರು ಜಾತಿ ನೋಡದೆ ಸಂಸ್ಕೃತ ಹೇಳಿಕೊಡುತ್ತಿದ್ದ ದೊಡ್ಡ ವಿದ್ಯಾಸಂಸ್ಥೆ ಇತ್ತು. ಪಕ್ಕದಲ್ಲೇ ಭಾರತಪ್ಪುಳ ಹೊಳೆ. ಪಾಠಕ್ಕಿಂತ ಹೊಳೆಯೇ ಹೆಚ್ಚು ಹಿಡಿಸಿರಬೇಕು. ಮುಂದೆ ಬದುಕಿನುದ್ದಕ್ಕೂ ಅವರ ಕವಿತೆಗಳಲ್ಲಿ ಆ ಹೊಳೆ, ಗದ್ದೆ, ಓಣಂ ಹಬ್ಬದ ಬೆಳದಿಂಗಳು, ದೇವಸ್ಥಾನದ ಚೆಂಡೆ ಸದ್ದು ತುಂಬಿಕೊಂಡವು.

ಹೊಟ್ಟೆಪಾಡಿಗೆ ಹಿಡಿದದ್ದು ಮೇಷ್ಟ್ರ ಕೆಲಸ. ಮೊದಲು ಕಣ್ಣೂರು ಕಡೆಯ ಕೂಡಾಳಿ ಹೈಸ್ಕೂಲು, ಆಮೇಲೆ ಪಾಲಕ್ಕಾಡಿನ ಕೊಲ್ಲಂಗೋಡಿನ ರಾಜಾಸ್ ಹೈಸ್ಕೂಲು. ಆ ಕಾಲದಲ್ಲಿ ಮಲಯಾಳಂ ಪಂಡಿತರನ್ನು ‘ಮುನ್ಷಿ’ ಅಂತಲೂ ಕರೀತಿದ್ರು. ಇಂಗ್ಲಿಷ್ ಪದವಿ ಇದ್ದವರ ಮುಂದೆ ಇವರಿಗೆ ಸಂಬಳವೂ ಕಮ್ಮಿ, ಸ್ಟಾಫ್ ರೂಮಿನಲ್ಲಿ ಮರ್ಯಾದೆಯೂ ಕಮ್ಮಿ. ನಮ್ಮ ಹಳೇ ಕನ್ನಡ ಪಂಡಿತರ ಕತೆಯೂ ಹೆಚ್ಚುಕಮ್ಮಿ ಇದೇ ಅಲ್ವಾ?

ಆದರೆ ಮಕ್ಕಳಿಗೆ ಸಂಬಳದ ಲೆಕ್ಕ ಯಾಕೆ? ಅವರ ಕಣ್ಣು ಇದ್ದದ್ದು ಮಾಷ್ ಜುಬ್ಬಾದ ಜೇಬಿನ ಮೇಲೆ. ಅದರಲ್ಲಿ ಯಾವಾಗಲೂ ಕಲ್ಲುಸಕ್ಕರೆ ಇರುತ್ತಿತ್ತಂತೆ. ಎದುರು ಸಿಕ್ಕ ಮಕ್ಕಳ ಕೈಗೆಲ್ಲ ಹಂಚುತ್ತಾ ಹೋಗುವ ಪಿ, ಇದು ಕೇರಳದಲ್ಲಿ ಈಗಲೂ ಹೇಳುವ ಚಿತ್ರ. ಕವಿತೆಗಳನ್ನೂ ಹಾಗೇ ಹಂಚಿದರು. ಕೇಳಿದ ಪತ್ರಿಕೆಗೆ, ಸಣ್ಣ ಊರಿನ ಸ್ಮರಣ ಸಂಚಿಕೆಗೆ, ಯಾರು ಬಂದು ಕೇಳಿದರೆ ಅವರಿಗೆ. ಲೇಖನ ಕೇಳಿ ಕೇಳಿ ಸುಸ್ತಾಗಿರುವ ನಮ್ಮ ಸಂಪಾದಕರಿಗೆ ಇಂಥವರೊಬ್ಬರು ಸಿಗಬೇಕಿತ್ತು!

ಇಲ್ಲಿವರೆಗೆ ಕೇಳೋಕೆ ಚೆನ್ನಾಗಿದೆ. ಆದರೆ ಈ ಮನುಷ್ಯ ಒಂದು ಕಡೆ ನಿಲ್ಲುವವರಲ್ಲ. ಎಲ್ಲೋ ಉತ್ಸವ, ಎಲ್ಲೋ ರಾತ್ರಿಯಿಡೀ ಕಥಕಳಿ ಅಂದ್ರೆ ಹೊರಟೇಬಿಟ್ರು. ಮನೆಯವರು ಕಾಯುತ್ತಾ ಕೂತರು. ಒಂದಕ್ಕಿಂತ ಹೆಚ್ಚು ಮದುವೆಯಾದರು, ಯಾವ ಮನೆಯಲ್ಲೂ ನೆಲೆ ನಿಲ್ಲಲಿಲ್ಲ. ಊರ ಮಕ್ಕಳಿಗೆ ಕಲ್ಲುಸಕ್ಕರೆ ಹಂಚಿದ ಕೈ ತನ್ನ ಮಕ್ಕಳ ಹತ್ತಿರ ಎಷ್ಟು ದಿನ ಇತ್ತು? ಕವಿ ಅಂತ ಇದನ್ನೆಲ್ಲ ಮಾಫಿ ಮಾಡಿಬಿಡೋದು ನನಗಂತೂ ಕಷ್ಟ. ಅವರಿಗೂ ಕಷ್ಟವಾಗಿತ್ತು ಅನ್ನೋದು ಮುಖ್ಯ. ‘ಕವಿಯುಡೆ ಕಾಲ್ಪಾಡುಗಳ್’ ಎಂಬ ಆತ್ಮಕಥೆಯಲ್ಲಿ, ಅಂದ್ರೆ ಕವಿಯ ಹೆಜ್ಜೆಗುರುತುಗಳಲ್ಲಿ, ತನ್ನ ತಪ್ಪುಗಳನ್ನು ಮುಚ್ಚಿಡದೆ ಬರೆದುಕೊಂಡಿದ್ದಾರೆ. ಅದೂ ಸಾಲದೆ ಆತ್ಮಕಥೆಯಂಥ ಇನ್ನೂ ಎರಡು ಪುಸ್ತಕ ಬರೆದರು. ಒಮ್ಮೆ ಹೇಳಿ ಮುಗಿಯುವ ಸಂಕಟವಲ್ಲ ಅದು.

ಅವರ ಅತಿ ದೊಡ್ಡ ಕವಿತೆ ‘ಕಳಿಯಚ್ಛನ್’. ಕಥಕಳಿ ಕಲಿಸುವ ಗುರು, ಅವರ ಮಾತು ಮೀರಿ ಸೊಕ್ಕಿನಿಂದ ನಡೆದು ಕೆಟ್ಟುಹೋದ ಶಿಷ್ಯ. ಕವಿತೆ ಪೂರ್ತಿ ಆ ಶಿಷ್ಯನ ಪಶ್ಚಾತ್ತಾಪ. ನನಗೆ ಆಶ್ಚರ್ಯ ಆಗಿದ್ದು ಇದೇ. ದಿನಾ ಕರಿಹಲಗೆ ಮುಂದೆ ನಿಂತ ಮೇಷ್ಟ್ರು ಬರೆಯಲು ಕೂತಾಗ ಗುರುವಿನ ಜಾಗದಲ್ಲಿ ಕೂರಲಿಲ್ಲ, ಕ್ಲಾಸಿನಿಂದ ಹೊರಗೆ ಹಾಕಿಸಿಕೊಂಡ ಹುಡುಗನ ಜಾಗದಲ್ಲಿ ನಿಂತರು. 1959ರ ಕೇರಳ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದಕ್ಕೇ ಬಂತು. ಅವರಾಗ ಇನ್ನೂ ಶಾಲಾ ಮೇಷ್ಟ್ರೇ.

1961ರಲ್ಲಿ ನಿವೃತ್ತಿ. ಬೇರೆಯವರು ಆಗ ಮನೆ ಸೇರಿದರೆ ಇವರು ಪೂರ್ತಿ ದಾರಿಗೇ ಬಿದ್ದರು. ‘ತಾಮರತ್ತೋಣಿ’ಗೆ 1967ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೂ ಅಲೆದಾಟ ನಿಲ್ಲಲಿಲ್ಲ. 1978ರ ಮೇ 27ರಂದು ತಿರುವನಂತಪುರದ ಒಂದು ಛತ್ರದಲ್ಲಿ ತೀರಿಕೊಂಡರು. ಹುಟ್ಟಿದ ಮನೆಯಲ್ಲೂ ಅಲ್ಲ, ಕಟ್ಟಿದ ಮನೆಯಲ್ಲೂ ಅಲ್ಲ.

ವೆಳ್ಳಿಕ್ಕೋತ್‌ನ ಸರ್ಕಾರಿ ಶಾಲೆಗೆ ಈಗ ಅವರದೇ ಹೆಸರಿದೆ. ಕೊಲ್ಲಂಗೋಡಿನಲ್ಲೂ ಸ್ಮಾರಕ ಇದೆ. ಮುಂದಿನ ರಜೆಗೆ ಕರ್ಕೊಂಡು ಹೋಗ್ತೀನಿ ಅಂತ ಗೆಳೆಯ ಮಾತು ಕೊಟ್ಟಿದ್ದಾನೆ. ಮೊದಲು ಇಂಟರ್ನಲ್ಸ್ ಮುಗೀಲಿ.