ದೇವದೂತರ ಕಥೆಯನ್ನು ಓವಿಯಲ್ಲಿ ಹೇಳಿದ ಫಾದರ್ ಥಾಮಸ್ ಸ್ಟೀಫನ್ಸ್

ಸೆಪ್ಟೆಂಬರ್ 29 ಪ್ರಧಾನ ದೂತರಾದ ಮಿಕಾಯೇಲ, ಗಬ್ರಿಯೇಲ, ರಫಾಯೇಲರ ಹಬ್ಬ. ಅಕ್ಟೋಬರ್ 2 ಕಾವಲು ದೂತರ ಸ್ಮರಣೆ. ಮನೆಯಲ್ಲಿ ಕನ್ನಡ, ಶಾಲೆ ಸಂತೆಗಳಲ್ಲಿ ಮರಾಠಿ ಆಡುವ ಯೆಣೆಗೂರ ಸೀಮೆಯ ನಾವು ಈ ದಿನಗಳಲ್ಲಿ ನೆನೆಯಬೇಕಾದ ಗುರುವೊಬ್ಬರಿದ್ದಾರೆ. ನಾಲ್ಕು ನೂರು ವರ್ಷಗಳ ಹಿಂದೆಯೇ ದೇವದೂತರ ಕಥೆಯನ್ನು ಮರಾಠಿ ಓವಿಗಳಲ್ಲಿ ಹೇಳಿದ ಫಾದರ್ ಥಾಮಸ್ ಸ್ಟೀಫನ್ಸ್ ಅವರೇ ಆ ಗುರು.

ಅವರು ಹುಟ್ಟಿದ್ದು ಸುಮಾರು 1549ರಲ್ಲಿ, ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತ್ಯದಲ್ಲಿ. ಅವರ ಯೌವನದ ಹೊತ್ತಿಗೆ ಕಥೋಲಿಕರು ಅಲ್ಲಿ ಬಹಿರಂಗವಾಗಿ ಬಲಿಪೂಜೆ ಅರ್ಪಿಸುವಂತಿರಲಿಲ್ಲ. ಗೆಳೆಯ ಥಾಮಸ್ ಪೌಂಡರ ಸೇವಕನ ವೇಷದಲ್ಲಿ ಅವರು ಕೆಲಕಾಲ ಕಳೆದರು. ಇಬ್ಬರೂ ರೋಮ್ ನಗರಕ್ಕೆ ಹೊರಡುವ ಮುನ್ನ ಗೆಳೆಯ ಸೆರೆಯಾದರು. ಸ್ಟೀಫನ್ಸ್ ಒಬ್ಬರೇ ಹೋಗಿ 1575ರಲ್ಲಿ ಯೇಸುಸಭೆಯನ್ನು ಸೇರಿದರು. 1579ರ ಏಪ್ರಿಲ್ 4ರಂದು ಲಿಸ್ಬನ್ ಬಿಟ್ಟ ಅವರ ಹಡಗು ಅಕ್ಟೋಬರ್ 24ರಂದು ಗೋವಾ ಮುಟ್ಟಿತು. ಮುಂದಿನ ಸುಮಾರು ನಲವತ್ತು ವರ್ಷಗಳನ್ನು ಅವರು ಹೆಚ್ಚಾಗಿ ಅಲ್ಲಿನ ಸಾಷ್ಟಿ ಸೀಮೆಯಲ್ಲೇ ಕಳೆದರು.

ಆ ಸೀಮೆ ಆಗ ನೊಂದಿತ್ತು. ಪೋರ್ಚುಗೀಸರು ದೇವಸ್ಥಾನಗಳನ್ನು ಕೆಡವಿದ್ದರು. 1583ರಲ್ಲಿ ಕುಂಕಳ್ಳಿಯ ಜನ ಐವರು ಯೇಸುಸಭೆಯವರನ್ನು ಕೊಂದರು; ಬಳಿಕ ಪೋರ್ಚುಗೀಸರು ಆ ಊರಿನ ಮುಖಂಡರನ್ನು ಕೊಂದರು. ಹೊಸದಾಗಿ ಜ್ಞಾನಸ್ನಾನ ಪಡೆದವರಿಗೆ ಹಳೆಯ ಪುರಾಣಗಳು ಕೈತಪ್ಪಿದ್ದವು, ಅವುಗಳ ಬದಲಿಗೆ ಕೇಳಲು ಏನೂ ಇರಲಿಲ್ಲ. ಸ್ಟೀಫನ್ಸ್ ಈ ಕೊರತೆಯನ್ನು ಅರಿತರು. ಕೊಂಕಣಿ ಕಲಿತರು, ಮರಾಠಿಯನ್ನೂ ಕಲಿತರು. ಜ್ಞಾನೇಶ್ವರ, ಏಕನಾಥರು ಬಳಸಿದ, ನಮ್ಮ ಕಡೆಯ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಹಾಡಿಕೊಂಡು ಬಂದ ಓವಿಯಲ್ಲೇ ಕ್ರಿಸ್ತಪುರಾಣವನ್ನು ರಚಿಸಿದರು. ಸುಮಾರು 11,000 ಓವಿಗಳ ಆ ಗ್ರಂಥ 1616ರಲ್ಲಿ ಗೋವಾದ ರಾಯತೂರಿನಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು.

ಅದರ ಮೊದಲ ಭಾಗದಲ್ಲಿ ಸೃಷ್ಟಿಯ ಕಥೆಯೊಂದಿಗೆ ದೂತರ ಕಥೆ, ಲೂಸಿಫರನ ಪತನದ ಕಥೆ ಬರುತ್ತದೆ. ಬೈಬಲಿನಲ್ಲಿ ಈ ಕಥೆ ಒಂದೇ ಕಡೆ ಇಲ್ಲ. ಯೆಶಾಯನ 14ನೇ ಅಧ್ಯಾಯದಲ್ಲಿ ಬಾಬಿಲೋನಿನ ಗರ್ವಿಷ್ಠ ಅರಸನು ಆಕಾಶದಿಂದ ಬಿದ್ದ ಮುಂಜಾನೆಯ ನಕ್ಷತ್ರ. ಪ್ರಕಟನೆಯ 12ನೇ ಅಧ್ಯಾಯದಲ್ಲಿ ಮಿಕಾಯೇಲನು ಘಟಸರ್ಪದೊಡನೆ ಕಾದಾಡುತ್ತಾನೆ. ಯೂದನ ಪತ್ರದಲ್ಲಿ ತಮ್ಮ ಸ್ಥಾನ ಬಿಟ್ಟ ದೂತರ ಮಾತಿದೆ. ಧರ್ಮಸಭೆಯ ಪರಂಪರೆ ಇವನ್ನೆಲ್ಲ ಒಂದಾಗಿ ಓದಿತು. ಪಿಶಾಚಿಯು ದೇವರಿಗೆ ಸಮನಾದ ಇನ್ನೊಂದು ಶಕ್ತಿಯಲ್ಲ; ದೇವರು ಒಳ್ಳೆಯವನನ್ನಾಗಿಯೇ ಸೃಷ್ಟಿಸಿದ ದೂತನು ಸ್ವಂತ ಇಚ್ಛೆಯಿಂದ ಕೆಟ್ಟ. 1215ರ ಲ್ಯಾಟರನ್ ಮಹಾಸಭೆಯೂ ಇದನ್ನೇ ಬೋಧಿಸಿತು. ದೆವ್ವದ ಭಯದಲ್ಲಿ ತಾಯತ ಕಟ್ಟಿಸಲು ಓಡುವ ನಮಗೆ ಇದು ಇಂದಿಗೂ ಬೇಕಾದ ಪಾಠ.

ಸ್ಟೀಫನ್ಸ್ 1619ರಲ್ಲಿ ಗೋವಾದಲ್ಲೇ ತೀರಿಕೊಂಡರು. ಅವರ ಕೊಂಕಣಿ ವ್ಯಾಕರಣ 1640ರಲ್ಲಿ ಹೊರಬಂತು. ಆದರೆ 1684ರಲ್ಲಿ ಪೋರ್ಚುಗೀಸ್ ಸರ್ಕಾರ, ಜನ ಮೂರು ವರ್ಷದೊಳಗೆ ತಮ್ಮ ಮಾತು ಬಿಟ್ಟು ಪೋರ್ಚುಗೀಸ್ ಕಲಿಯಬೇಕೆಂದು ಆಜ್ಞೆ ಹೊರಡಿಸಿತು. ಜನ ಬಿಡಲಿಲ್ಲ. ಪುರಾಣವನ್ನು ಕೈಯಲ್ಲಿ ನಕಲು ಮಾಡಿಕೊಂಡು ಕಾಪಾಡಿದರು. ಹಾಗೆ ಉಳಿದ ಪ್ರತಿಗಳಿಂದ ಜೋಸೆಫ್ ಸಲ್ಡಾನ್ಹಾ ಅವರು 1907ರಲ್ಲಿ ನಮ್ಮದೇ ಕನ್ನಡ ನಾಡಿನ ಮಂಗಳೂರಿನಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿದರು.

ಲೂಸಿಫರ್ ಮೇಲೇರಲು ಹೋಗಿ ಬಿದ್ದ. ಸ್ಟೀಫನ್ಸ್ ಪರರ ಮಾತಿನ ಮುಂದೆ ಶಿಷ್ಯನಾಗಿ ಕುಳಿತು ನಾಲ್ಕು ಶತಮಾನ ಉಳಿದರು. ಬಹುಭಾಷೆಗಳ ನಮ್ಮ ಧರ್ಮಪ್ರಾಂತ್ಯದಲ್ಲಿ ನನ್ನ ಭಾಷೆ ಮೇಲು, ನಿನ್ನದು ಕೀಳು ಎಂಬ ಗರ್ವ ನಮ್ಮೊಳಗೂ ಇಣುಕುತ್ತದೆ. ಮರಾಠಿಯಲ್ಲಿ ಜ್ಞಾನೋಪದೇಶ ಕಲಿತ ಮಗು ಅದನ್ನು ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಹೇಳಲಿ. ಅಜ್ಜಿಯ ಕನ್ನಡ ಜಪವನ್ನು ಮಗು ಕಲಿಯಲಿ. ಮಿಕಾಯೇಲ ಎಂಬ ಹೆಸರಿಗೆ ದೇವರಿಗೆ ಸಮಾನರಾರು ಎಂದು ಅರ್ಥ. ಆ ಪ್ರಶ್ನೆಯನ್ನು ಮರೆಯದಂತೆ ಕಾವಲು ದೂತರು ನಮ್ಮನ್ನು ಕಾಯಲಿ.