ಬೀಟ್ರಿಕ್ಸ್ ಪಾಟರಳ ಜೀವಿತ

ಕಥೆಯನ್ನು ಬರೆಯುವವರೊಬ್ಬರು, ಅದಕ್ಕೆ ಚಿತ್ರಗಳನ್ನು ಬರೆಯುವವರು ಇನ್ನೊಬ್ಬರು, ಹಣ ಹಾಕಿ ಅಚ್ಚು ಮಾಡಿಸಿ ಮಾರುವವರು ಮತ್ತೊಬ್ಬರು. ಸಾಧಾರಣವಾಗಿ ಪುಸ್ತಕಗಳು ಲೋಕಕ್ಕೆ ಬರುವ ಕ್ರಮವು ಇದು. ಈ ಮೂರು ಭಾರಗಳನ್ನೂ ಒಬ್ಬ ಹೆಂಗಸೇ ಹೊತ್ತು, ಪ್ರಾಣಿಗಳಿಗೆ ಅಂಗಿ ತೊಡಿಸಿ ಮಾತನಾಡಿಸುವ ವಿನೋದದ ಕಥೆಗಳಿಂದ ಹಲವು ದೇಶಗಳ ಮಕ್ಕಳನ್ನು ನಗಿಸಿದಳೆಂದರೆ ಆಕೆಯ ಚರಿತ್ರೆಯು ತಿಳಿಯತಕ್ಕದ್ದೇ ಸರಿ. ಅದನ್ನು ನಮ್ಮ ಶಾಲೆಯ ಬಾಲಿಕೆಯರ ಮುಂದಿಡಬೇಕೆಂದು ಈ ಸ್ಮರಣ ಸಂಚಿಕೆಯಲ್ಲಿ ಎರಡು ಪುಟಗಳನ್ನು ಕೇಳಿ ಪಡೆದಿದ್ದೇವೆ.

ಬೀಟ್ರಿಕ್ಸ್ ಪಾಟರಳು 1866ನೆಯ ಇಸವಿ ಜುಲೈ ತಿಂಗಳ 28ನೆಯ ತಾರೀಖು ಲಂಡನ್ ಪಟ್ಟಣದ ಕೆನ್ಸಿಂಗ್ಟನ್ ಭಾಗದಲ್ಲಿ ಜನಿಸಿದಳು. ತಂದೆಯಾದ ರೂಪರ್ಟ್ ಪಾಟರನು ಬ್ಯಾರಿಸ್ಟರನು. ತಾಯಿಯ ಹೆಸರು ಹೆಲೆನ್. ಇಬ್ಬರ ಮನೆತನಗಳೂ ಹತ್ತಿಯ ಉದ್ಯಮದಿಂದ ಐಶ್ವರ್ಯವನ್ನು ಪಡೆದವು. ಮನೆಯಲ್ಲಿ ಅನ್ನವಸ್ತ್ರಗಳಿಗೆ ಕೊರತೆಯಿರಲಿಲ್ಲ, ಆದರೆ ಜೊತೆಯವರಿರಲಿಲ್ಲ. ಆರು ವರುಷ ಚಿಕ್ಕವನಾದ ತಮ್ಮ ಬರ್ಟ್ರಮನನ್ನು ಶಾಲೆಗೆ ಕಳುಹಿಸಿದರು. ಹೆಣ್ಣುಮಗಳಿಗೆ ಮನೆಯೊಳಗೆಯೇ ಉಪಾಧ್ಯಾಯಿನಿಯರಿಂದ ಪಾಠವಾಯಿತು. ಸಹಪಾಠಿಗಳ ನಡುವೆ ಬೆಂಚಿನ ಮೇಲೆ ಕುಳಿತು ಓದುವ ಭಾಗ್ಯವು ಆಕೆಗೆ ಲಭಿಸಲೇ ಇಲ್ಲ. ನಮ್ಮ ಬಾಲಿಕೆಯರು ಇದನ್ನು ಓದುವಾಗ ತಮಗೆ ದೊರೆತಿರುವುದೇನೆಂಬುದನ್ನು ಒಂದು ಕ್ಷಣ ಆಲೋಚಿಸುವುದು ಒಳ್ಳೆಯದು.

ಆಕೆಗೆ ಜೊತೆಯಾದವು ಪ್ರಾಣಿಗಳು. ಮೊಲ, ಇಲಿ, ಮುಳ್ಳುಹಂದಿಯಂತೆ ಮೈತುಂಬ ಮುಳ್ಳುಗಳುಳ್ಳ ಚಿಕ್ಕದೊಂದು ಜಂತು, ಬಾವಲಿ ಮೊದಲಾದವುಗಳನ್ನು ಅಕ್ಕತಮ್ಮಂದಿರು ಓದುವ ಕೊಠಡಿಯಲ್ಲಿಯೇ ಸಾಕಿದರು. ಅವುಗಳ ನಡೆ, ಕೂರುವಿಕೆ, ಕಿವಿಯ ತಿರುವು ಮುಂತಾದುವನ್ನು ದಿನದಿನವೂ ನೋಡಿ ಆಕೆಯು ಚಿತ್ರಿಸುತ್ತಿದ್ದಳು. ಸತ್ತ ಪ್ರಾಣಿಗಳ ಎಲುಬುಗಳನ್ನು ಸಹ ಇಬ್ಬರೂ ಪರೀಕ್ಷಿಸುತ್ತಿದ್ದರು. ಮುಂದೆ ಆಕೆಯ ಮೊಲವು ನೀಲಿ ಅಂಗಿಯನ್ನು ತೊಟ್ಟು ಎರಡು ಕಾಲ ಮೇಲೆ ನಿಂತಾಗಲೂ ಅದು ನಿಜವಾದ ಮೊಲವೇ ಎಂದು ತೋರುವುದು ಈ ಅಭ್ಯಾಸದ ಫಲ. ಹಾಸ್ಯಕ್ಕೂ ಕಲ್ಪನೆಗೂ ಸತ್ಯದ ಅಡಿಪಾಯ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ಎಳೆಯ ಪ್ರಾಯದಿಂದ ಮೂವತ್ತು ವರುಷಗಳವರೆಗೆ ಆಕೆಯು ತಾನೇ ಕಲ್ಪಿಸಿದ ಗುಪ್ತಲಿಪಿಯಲ್ಲಿ ದಿನಚರಿಯನ್ನು ಬರೆದಿಟ್ಟಳು. ಆಕೆಯು ತೀರಿಕೊಂಡು ಹದಿನೈದು ವರುಷಗಳಾದ ಮೇಲೆ, 1958ರಲ್ಲಿ, ಲೆಸ್ಲಿ ಲಿಂಡರ್ ಎಂಬವನು ಆ ಲಿಪಿಯ ಮರ್ಮವನ್ನು ಬಿಡಿಸಿದನು.

ಮೊದಮೊದಲು ಆಕೆಯ ಮನಸ್ಸು ಶಾಸ್ತ್ರದ ಕಡೆಗೆ ಒಲಿದಿತ್ತು. ಕಾಡಿನ ಅಣಬೆಗಳನ್ನು ನೂರಾರು ಚಿತ್ರಗಳಲ್ಲಿ ಬರೆದು, ಅವುಗಳ ಬೀಜಕಣಗಳು ಮೊಳೆಯುವ ಬಗೆಯನ್ನು ಸೂಕ್ಷ್ಮದರ್ಶಕದಿಂದ ಶೋಧಿಸಿ, ಒಂದು ಪ್ರಬಂಧವನ್ನು ರಚಿಸಿದಳು. ಅದು 1897ನೆಯ ಇಸವಿ ಏಪ್ರಿಲ್ 1ರಂದು ಲಂಡನ್ನಿನ ಲಿನೀಯನ್ ಸೊಸೈಟಿಯ ಮುಂದೆ ಬಂದಿತು. ಆದರೆ ಆ ಸಭೆಗೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲವಾದುದರಿಂದ ಬರೆದವಳು ಹೊರಗುಳಿದಳು. ಪುರುಷನೊಬ್ಬನು ಆಕೆಯ ಪರವಾಗಿ ಅದನ್ನು ಮಂಡಿಸಿದನು. ಪ್ರಬಂಧವು ಅಚ್ಚಾಗಲಿಲ್ಲ. ನೂರು ವರುಷಗಳಾದ ಮೇಲೆ, 1997ರಲ್ಲಿ, ಆಕೆಗೆ ಅನ್ಯಾಯವಾಯಿತೆಂದು ಆ ಸೊಸೈಟಿಯೇ ಒಪ್ಪಿಕೊಂಡಿತು. ಆಕೆಯ ಕಾಲಕ್ಕಾದರೋ ಆ ಬಾಗಿಲು ಮುಚ್ಚಿಯೇ ಇದ್ದಿತು.

ಇನ್ನೊಂದು ಬಾಗಿಲು ತೆರೆದದ್ದು ಕಾಯಿಲೆಯ ಮಗುವೊಂದರ ದೆಸೆಯಿಂದ. ಆಕೆಗೆ ಕೊನೆಯಲ್ಲಿ ಪಾಠ ಹೇಳಿದ ಉಪಾಧ್ಯಾಯಿನಿಯು ಮದುವೆಯಾಗಿ ಮೂರ್ ಎಂಬ ಮನೆತನವನ್ನು ಸೇರಿದ್ದಳು. ಆಕೆಯ ಐದು ವರುಷದ ಮಗ ನೋಯೆಲನು ಹಾಸಿಗೆ ಹಿಡಿದಿದ್ದಾಗ, 1893ನೆಯ ಇಸವಿ ಸೆಪ್ಟೆಂಬರ್ 4ರಂದು, ಬೀಟ್ರಿಕ್ಸಳು ಸ್ಕಾಟ್ಲೆಂಡಿನಿಂದ ಅವನಿಗೊಂದು ಕಾಗದವನ್ನು ಬರೆದಳು. ತಿಳಿಸಲು ಸಮಾಚಾರವೇನೂ ಇಲ್ಲದುದರಿಂದ ನಾಲ್ಕು ಮೊಲದ ಮರಿಗಳ ಕಥೆಯನ್ನೇ ಚಿತ್ರಸಹಿತವಾಗಿ ಬರೆದು ಕಳುಹಿಸಿದಳು. ತಾಯಿಯ ಮಾತನ್ನು ಮೀರಿ ಪೀಟರ್ ಎಂಬ ಮರಿಯು ಮೆಕ್‌ಗ್ರೆಗರನ ತರಕಾರಿ ತೋಟಕ್ಕೆ ನುಗ್ಗುವುದು. ಹೊಟ್ಟೆ ಬಿರಿಯ ತಿನ್ನುವುದು. ಸಿಕ್ಕಿಬಿದ್ದು, ಅಂಗಿಯನ್ನೂ ಪಾದರಕ್ಷೆಗಳನ್ನೂ ಕಳೆದುಕೊಂಡು, ಹೇಗೋ ಪಾರಾಗಿ ಮನೆ ಸೇರುವುದು. ಒಳ್ಳೆಯ ಮರಿಗಳು ಹಾಲು ಹಣ್ಣು ಉಣ್ಣುವಾಗ ಇದು ಕಷಾಯ ಕುಡಿದು ಮಲಗುವುದು. ಕಥೆಯು ಇಷ್ಟೇ. ಹುಡುಗನು ಆ ಕಾಗದವನ್ನು ಜೋಪಾನವಾಗಿಟ್ಟಿದ್ದನು. ಏಳೆಂಟು ವರುಷಗಳಾದ ಮೇಲೆ ಆಕೆಯು ಅದನ್ನು ಕೇಳಿ ತರಿಸಿ, ಕಥೆಯನ್ನು ಬೆಳೆಸಿ ಪುಸ್ತಕವನ್ನಾಗಿ ಮಾಡಿದಳು.

ಆ ಪುಸ್ತಕವನ್ನು ಆರು ಮಂದಿ ಪ್ರಕಾಶಕರಾದರೂ ಹಿಂದಿರುಗಿಸಿದರು. ಆಕೆಯ ಅಭಿಪ್ರಾಯವು ಸ್ಪಷ್ಟವಾಗಿತ್ತು: ಪುಸ್ತಕವು ಚಿಕ್ಕ ಮಕ್ಕಳ ಕೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿರಬೇಕು, ಪುಟಕ್ಕೊಂದು ಚಿತ್ರವಿರಬೇಕು, ಬೆಲೆಯು ಬಡವರ ಮಕ್ಕಳಿಗೂ ನಿಲುಕಬೇಕು. ಇದನ್ನು ಬಿಟ್ಟುಕೊಡಲೊಲ್ಲದೆ, ತನ್ನ ಸ್ವಂತ ಹಣದಿಂದಲೇ 1901ನೆಯ ಇಸವಿ ಡಿಸೆಂಬರಿನಲ್ಲಿ 250 ಪ್ರತಿಗಳನ್ನು ಅಚ್ಚು ಮಾಡಿಸಿದಳು. ಮುಖಚಿತ್ರವೊಂದು ಮಾತ್ರ ಬಣ್ಣದ್ದು. ಒಳಗಿನ 41 ಚಿತ್ರಗಳು ಕಪ್ಪು ಗೆರೆಯವು. ಬಂಧುಮಿತ್ರರಿಗೆ ಕೊಟ್ಟೂ ಮಾರಿಯೂ ಪ್ರತಿಗಳು ಬೇಗನೆ ಮುಗಿದುದರಿಂದ 1902ರ ಫೆಬ್ರವರಿಯಲ್ಲಿ ಇನ್ನೂ 200 ಪ್ರತಿಗಳನ್ನು ಹಾಕಿಸಬೇಕಾಯಿತು. ಪತ್ತೇದಾರಿ ಕಥೆಗಳಿಂದ ಹೆಸರಾದ ಕೋನನ್ ಡಾಯ್ಲನೂ ತನ್ನ ಮಕ್ಕಳಿಗಾಗಿ ಒಂದನ್ನು ಕೊಂಡನು.

ಇಷ್ಟರಲ್ಲಿ ಮೊದಲು ಬೇಡವೆಂದಿದ್ದ ಫ್ರೆಡರಿಕ್ ವಾರ್ನ್ ಕಂಪೆನಿಯವರು, ಚಿತ್ರಗಳೆಲ್ಲವನ್ನೂ ಬಣ್ಣದಲ್ಲಿ ಬರೆದುಕೊಡುವುದಾದರೆ ಪ್ರಕಟಿಸುವೆವೆಂದರು. ಆಕೆಯು ಒಪ್ಪಿದಳು. 1902ರ ಅಕ್ಟೋಬರಿನಲ್ಲಿ 8,000 ಪ್ರತಿಗಳು ಹೊರಟವು. ಆ ವರುಷ ಮುಗಿಯುವುದರೊಳಗೆ ಅಚ್ಚಾದ ಪ್ರತಿಗಳು 28,000ಕ್ಕೆ ಏರಿದವು. ಆದರೂ ತನ್ನ ಮಾತನ್ನು ತಾನೇ ನಡೆಸುವ ಅಭ್ಯಾಸವನ್ನು ಆಕೆಯು ಬಿಡಲಿಲ್ಲ. ಕಾಯಿಲೆಬಿದ್ದ ದರ್ಜಿಯ ಕೆಲಸವನ್ನು ಇಲಿಗಳು ಹೊಲಿದು ಮುಗಿಸುವ ಕಥೆಯಲ್ಲಿ ತನಗೆ ಪ್ರಿಯವಾದ ಹಳೆಯ ಪದ್ಯಗಳನ್ನು ಪ್ರಕಾಶಕರು ಕತ್ತರಿಸಿಯಾರೆಂದು, ಅದೇ ಡಿಸೆಂಬರಿನಲ್ಲಿ ಅದರ 500 ಪ್ರತಿಗಳನ್ನು ಮೊದಲು ತಾನೇ ಹಾಕಿಸಿದಳು. ಪೀಟರನ ಬೊಂಬೆಯನ್ನು ತಾನೇ ಹೊಲಿದು 1903ರಲ್ಲಿ ಅದರ ಹಕ್ಕನ್ನು ದಾಖಲೆ ಮಾಡಿಸಿದಳು. ಅಮೆರಿಕದಲ್ಲಿ ಮಾತ್ರ ಮೊದಲ ಪುಸ್ತಕದ ಹಕ್ಕು ದಾಖಲೆಯಾಗದೆ ಹೋದುದರಿಂದ ಅಲ್ಲಿ ಕಂಡವರೆಲ್ಲ ಅದನ್ನು ಅಚ್ಚು ಮಾಡಿಕೊಂಡರು. ಆಕೆಗೆ ಕಾಸೂ ಬರಲಿಲ್ಲ. ಬರೆಯುವುದರ ಜೊತೆಗೆ ಲೆಕ್ಕಪತ್ರಗಳನ್ನೂ ಬಲ್ಲವರಾಗಬೇಕೆಂಬುದನ್ನು ನಾವು ಇದರಿಂದ ಕಲಿಯಬಹುದು.

ಕೀರ್ತಿಯೊಡನೆ ದುಃಖವೂ ಬಂದಿತು. ಪುಸ್ತಕಗಳ ಕೆಲಸದಲ್ಲಿ ಆಕೆಗೆ ಸಹಾಯಕನಾಗಿದ್ದ ನಾರ್ಮನ್ ವಾರ್ನನು 1905ರ ಜುಲೈಯಲ್ಲಿ ವಿವಾಹಕ್ಕಾಗಿ ಕೇಳಿದನು. ಅವನು ವ್ಯಾಪಾರಸ್ಥರ ಮನೆಯವನೆಂದು ತಂದೆತಾಯಿಗಳು ಅಡ್ಡಿಮಾಡಿದರು. ತಮ್ಮ ಐಶ್ವರ್ಯವೂ ವ್ಯಾಪಾರದಿಂದಲೇ ಬಂದುದೆಂಬುದನ್ನು ಅವರು ಮರೆತಂತಿತ್ತು. ಮೂವತ್ತೊಂಬತ್ತು ವರುಷದವಳಾದ ಆಕೆಯು ಅವನ ಉಂಗುರವನ್ನು ಸ್ವೀಕರಿಸಿದಳು. ಒಂದು ತಿಂಗಳು ತುಂಬುವುದರೊಳಗೆ, ಆಗಸ್ಟ್ 25ರಂದು, ಅವನು ಕಾಯಿಲೆಯಿಂದ ತೀರಿಕೊಂಡನು.

ಇಂಥ ಪೆಟ್ಟಿನಿಂದ ಹಲವರು ಕುಗ್ಗಿಹೋಗುತ್ತಾರೆ. ಆಕೆಯು ಅದೇ ವರುಷ ಇಂಗ್ಲೆಂಡಿನ ವಾಯವ್ಯದಲ್ಲಿರುವ ಸರೋವರಗಳ ಸೀಮೆಗೆ ಹೋಗಿ, ನಿಯರ್ ಸಾರೆ ಎಂಬ ಹಳ್ಳಿಯಲ್ಲಿ ಹಿಲ್ ಟಾಪ್ ಎಂಬ ಹೊಲಮನೆಯನ್ನು ಕೊಂಡಳು. ಪುಸ್ತಕಗಳ ಸಂಪಾದನೆಯೂ ಚಿಕ್ಕಮ್ಮನಿಂದ ಬಂದ ಸ್ವಲ್ಪ ಹಣವೂ ಇದಕ್ಕೆ ಒದಗಿದವು. ಆ ಮನೆಯ ಮೆಟ್ಟಿಲು, ಒಲೆ, ತೋಟ, ಹಳ್ಳಿಯ ಬೀದಿ ಇವೆಲ್ಲವೂ ಆಕೆಯ ಮುಂದಿನ ಕಥೆಗಳಲ್ಲಿ ಬಾತುಕೋಳಿ, ಬೆಕ್ಕಿನ ಮರಿ, ಹೆಗ್ಗಣಗಳ ಮನೆಯೂ ಬೀದಿಯೂ ಆದವು. 1913ರಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ, ಆ ಸೀಮೆಯ ವಕೀಲನಾದ ವಿಲಿಯಂ ಹೀಲಿಸನನ್ನು ವಿವಾಹವಾಗಿ ಅಲ್ಲಿಯೇ ನೆಲೆಸಿದಳು.

ಅನಂತರ ಆಕೆಯು ಬರೆದುದು ಕಡಿಮೆ; ಕುರಿ ಸಾಕಿದುದು ಹೆಚ್ಚು. ಆ ಗುಡ್ಡಗಳ ಹರ್ಡ್‌ವಿಕ್ ಎಂಬ ಕುರಿಯ ತಳಿಯು ಕ್ಷೀಣಿಸದಂತೆ ಕಾಪಾಡಿದಳು. ಶ್ರೀಮಂತರು ಬಂಗಲೆಗಳಿಗಾಗಿ ನೆಲವನ್ನು ತುಂಡುಮಾಡದಂತೆ ಒಂದೊಂದಾಗಿ ಹೊಲಮನೆಗಳನ್ನು ಕೊಂಡಳು. 1943ನೆಯ ಇಸವಿ ಡಿಸೆಂಬರ್ 22ರಂದು, ಯುದ್ಧದ ನಡುವೆ, ಎಪ್ಪತ್ತೇಳನೆಯ ವಯಸ್ಸಿನಲ್ಲಿ ಕಾಲವಾದಾಗ, 4,000 ಎಕರೆಗೂ ಮಿಕ್ಕಿದ ನೆಲವನ್ನು ನಾಡಿನ ಜನರಿಗಾಗಿ ನ್ಯಾಷನಲ್ ಟ್ರಸ್ಟಿಗೆ ಮರಣಶಾಸನದ ಮೂಲಕ ಬಿಟ್ಟುಕೊಟ್ಟಳು. ಅಲ್ಲಿ ಈಗಲೂ ಕುರಿಗಳು ಮೇಯುತ್ತಿವೆ.

ಸುವಾರ್ತೆಯ ಸಾಮ್ಯದಲ್ಲಿ ಒಬ್ಬನು ತನಗೆ ದೊರೆತ ತಲಾಂತನ್ನು ನೆಲದಲ್ಲಿ ಹೂತಿಟ್ಟನು. ಈಕೆಗೂ ಹೂತಿಡಲು ನೆವಗಳು ಬೇಕಾದಷ್ಟಿದ್ದವು: ಶಾಲೆಯಿಲ್ಲ, ಸಭೆಯಲ್ಲಿ ಸ್ಥಳವಿಲ್ಲ, ಪ್ರಕಾಶಕರ ಒಪ್ಪಿಗೆಯಿಲ್ಲ. ಆದರೂ ಈಕೆಯು 250 ಪ್ರತಿಗಳಷ್ಟನ್ನು ತನ್ನ ಕೈಯಿಂದಲೇ ಬಿತ್ತಿದಳು. ನಮ್ಮ ಬಾಲಿಕೆಯರಲ್ಲಿ ಎಷ್ಟೋ ಮಂದಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಕಾಗೆಗೆ ರುಮಾಲು ಸುತ್ತಿ, ಕಪ್ಪೆಗೆ ಕೊಡೆ ಹಿಡಿಸಿ ಚಿತ್ರ ಬರೆಯುವುದನ್ನು ನಾವು ಬಲ್ಲೆವು. ಆ ಹಾಳೆಗಳನ್ನು ಹರಿದೊಗೆಯಬೇಡಿರಿ. ಮನೆಯಲ್ಲಿ ಕಾಯಿಲೆಬಿದ್ದ ತಮ್ಮನೋ ತಂಗಿಯೋ ಇದ್ದರೆ ಮೊದಲು ಅವರಿಗೆ ತೋರಿಸಿರಿ.