ಡಾಂಬರಿನಿಂದ ಬಂದ ಮದ್ದು ಮತ್ತು ಡಾ. ಲಿಸ್ಟರ್

ನಮ್ಮ ಪೀಳಿಗೆಯವರಿಗೆ ಆಸ್ಪತ್ರೆಯೆಂದರೆ ಮೊದಲು ನೆನಪಾಗುವುದು ಒಂದು ವಾಸನೆ. ಬಚ್ಚಲಮನೆಯ ಕೆಂಪು ಸೋಪು, ನೆಲ ತೊಳೆಯುವ ಕಪ್ಪು ಫಿನಾಯಿಲುಗಳದೂ ಅದೇ ಕುಲ. ಮೂಲ ಕಲ್ಲಿದ್ದಲ ಡಾಂಬರು. ಅರ್ಥಶಾಸ್ತ್ರ ಓದಿದ ನನಗೆ ಉಪೋತ್ಪನ್ನವೆಂಬ ಪರಿಕಲ್ಪನೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ದೀಪಗಳಿಗಾಗಿ ಕಲ್ಲಿದ್ದಲಿನಿಂದ ಅನಿಲ ತೆಗೆದ ಮೇಲೆ ಉಳಿಯುತ್ತಿದ್ದ ಕಪ್ಪು ಜಿಗುಟು ಬೇಡದ ಕಸವಾಗಿತ್ತು. ಜರ್ಮನಿಯ ರುಂಗೆ 1834ರಲ್ಲಿ ಅದರಿಂದ ಕಾರ್ಬಾಲಿಕ್ ಆಮ್ಲವನ್ನು ಬೇರ್ಪಡಿಸಿದರು. ಅದನ್ನು ಮದ್ದಿನ ಕಪಾಟಿಗೆ ತಂದ ಶ್ರೇಯಸ್ಸು ಬಹುಮಟ್ಟಿಗೆ ಜೋಸೆಫ್ ಲಿಸ್ಟರ್ ಅವರದು.

1827ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ಅಪ್ಟನ್‌ನಲ್ಲಿ ಜನಿಸಿದ ಲಿಸ್ಟರ್ ಕ್ವೇಕರ್ ಪಂಥದ ಮನೆತನದವರು. ತಂದೆ ದ್ರಾಕ್ಷಾರಸದ ವರ್ತಕರಾದರೂ ಸೂಕ್ಷ್ಮದರ್ಶಕದ ಮಸೂರಗಳನ್ನು ಸುಧಾರಿಸಿ ಹೆಸರಾದವರು. ಮಗ ಲಂಡನ್ನಿನಲ್ಲಿ ವೈದ್ಯ ಶಿಕ್ಷಣ ಮುಗಿಸಿ, ಎಡಿನ್‌ಬರೊದಲ್ಲಿ ಪ್ರಸಿದ್ಧ ಶಸ್ತ್ರವೈದ್ಯ ಸೈಮ್ ಅವರ ಬಳಿ ಪಳಗಿ, ಅವರ ಪುತ್ರಿ ಆಗ್ನೆಸ್‌ರನ್ನು ವರಿಸಿದರು. ಪತಿಯ ಪ್ರಯೋಗಗಳ ಟಿಪ್ಪಣಿಗಳನ್ನು ದಶಕಗಳ ಕಾಲ ಬರೆದಿಟ್ಟವರು ಈಕೆಯೇ. ಇಂಥವರ ಹೆಸರು ಪಠ್ಯಪುಸ್ತಕಗಳಲ್ಲಿ ಕಾಣುವುದು ಅಪರೂಪ.

1860ರಲ್ಲಿ ಲಿಸ್ಟರ್ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾದರು. ಅರಿವಳಿಕೆ ಬಂದು ಶಸ್ತ್ರಚಿಕಿತ್ಸೆಯ ನೋವು ನೀಗಿತ್ತು. ಆದರೆ ಗಾಯ ಕೀವುಗಟ್ಟಿ ರೋಗಿ ಸಾಯುವುದು ನಿಂತಿರಲಿಲ್ಲ. ಅವರ ವಾರ್ಡುಗಳಲ್ಲಿ 1864–66ರ ಅವಧಿಯಲ್ಲಿ ಅಂಗಚ್ಛೇದನಕ್ಕೊಳಗಾದ 35 ಮಂದಿಯಲ್ಲಿ 16 ಮಂದಿ ತೀರಿಕೊಂಡರು. ಕೊಳೆತಕ್ಕೆ ಸೂಕ್ಷ್ಮಜೀವಿಗಳೇ ಕಾರಣವೆಂಬ ಪಾಶ್ಚರ್ ಅವರ ಬರಹ ಆಗ ಕಣ್ಣಿಗೆ ಬಿತ್ತು. ಕಾರ್ಲೈಲ್ ಪಟ್ಟಣದಲ್ಲಿ ಚರಂಡಿ ನೀರಿನ ದುರ್ವಾಸನೆಗೆ ಕಾರ್ಬಾಲಿಕ್ ಆಮ್ಲ ಬಳಸುತ್ತಿದ್ದ ಸುದ್ದಿಯೂ ತಿಳಿಯಿತು. 1865ರ ಆಗಸ್ಟ್ 12ರಂದು, ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದಿದ್ದ ಹನ್ನೊಂದರ ಬಾಲಕನ ಗಾಯಕ್ಕೆ ಆ ಆಮ್ಲದಲ್ಲಿ ನೆನೆಸಿದ ಪಟ್ಟಿ ಕಟ್ಟಿದರು. ಆರು ವಾರಗಳಲ್ಲಿ ಮೂಳೆ ಕೂಡಿತು, ಕಾಲು ಉಳಿಯಿತು. 1867–69ರಲ್ಲಿ ಅಂಗಚ್ಛೇದನದ 40 ರೋಗಿಗಳ ಪೈಕಿ ಸತ್ತವರು ಆರು ಮಂದಿ ಮಾತ್ರ. 1871ರಲ್ಲಿ ವಿಕ್ಟೋರಿಯಾ ರಾಣಿಯ ಕಂಕುಳಿನ ಕುರುವನ್ನು ಕೊಯ್ದಾಗಲೂ ಅದೇ ಆಮ್ಲ ಬಳಕೆಯಾಯಿತು.

ಲಿಸ್ಟರ್ ಅವರ ಬಗ್ಗೆ ನನಗೆ ಹೆಚ್ಚು ಗೌರವ ಮೂಡಿದ್ದು ಅವರ ಮುಂದಿನ ನಡೆಯಿಂದ. ಗಾಳಿಯಲ್ಲಿನ ಜೀವಿಗಳನ್ನು ಕೊಲ್ಲಲೆಂದು ಅವರು ಆಮ್ಲವನ್ನು ಆವಿಯಾಗಿ ಸಿಂಪಡಿಸುತ್ತಿದ್ದರು. ವೈದ್ಯರ ಕೈ ಸುಟ್ಟಿತು, ಉಸಿರು ಕಟ್ಟಿತು. ಅಪಾಯ ಗಾಳಿಗಿಂತ ಕೈ ಮತ್ತು ಉಪಕರಣಗಳಲ್ಲಿದೆ ಎಂದು ಮನವರಿಕೆಯಾದಾಗ, 1890ರಲ್ಲಿ ಬರ್ಲಿನ್ನಿನ ಸಮ್ಮೇಳನದಲ್ಲಿ ಆ ಸಿಂಪರಣೆಯನ್ನು ಬಹಿರಂಗವಾಗಿ ಕೈಬಿಟ್ಟರು. ಸೇವೆಯಲ್ಲಿದ್ದಾಗ ತಾಲ್ಲೂಕು ಆಸ್ಪತ್ರೆಯೊಂದರ ತಪಾಸಣೆಗೆ ಹೋಗಿದ್ದೆ. ಫಿನಾಯಿಲಿನ ಘಾಟು ಬಾಗಿಲಲ್ಲೇ ಎದುರಾಯಿತು. ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯ ನಲ್ಲಿಯಲ್ಲಿ ಮಾತ್ರ ನೀರಿರಲಿಲ್ಲ. ಖರೀದಿಯ ಬಿಲ್ಲುಗಳೆಲ್ಲ ಕ್ರಮಬದ್ಧವಾಗಿದ್ದವು!

ಅಷ್ಟರಲ್ಲಿ ವ್ಯಾಪಾರ ಈ ವಾಸನೆಯನ್ನು ಮನೆಮನೆಗೆ ತಲುಪಿಸಿತ್ತು. ಕಾರ್ಬಾಲಿಕ್ ಮುಲಾಮು, ಹಲ್ಲುಪುಡಿ, ಸೋಪುಗಳು ಬಂದವು. 1894ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದ ಲೈಫ್‌ಬಾಯ್ ಮರುವರ್ಷವೇ ಭಾರತಕ್ಕೂ ಬಂತು. ಅಮೆರಿಕದವರು ಲಿಸ್ಟರೀನ್ ಎಂದು ಲಿಸ್ಟರ್ ಅವರ ಹೆಸರನ್ನೇ ಬಳಸಿಕೊಂಡರು. ಆದರೆ ಕಾರ್ಬಾಲಿಕ್ ಆಮ್ಲ ಸೇವಿಸಿದರೆ ಮಾರಕ ವಿಷ. ಅಗ್ಗವಾಗಿ ಸಿಗುತ್ತಿದ್ದುದರಿಂದ ಆತ್ಮಹತ್ಯೆಗಳೂ ಆಕಸ್ಮಿಕ ಸಾವುಗಳೂ ಹೆಚ್ಚಿದವು. ಬ್ರಿಟನ್ 1900ರಲ್ಲಿ ಅದರ ಮಾರಾಟಕ್ಕೆ ವಿಷಗಳ ಕಾನೂನನ್ನು ಅನ್ವಯಿಸಿತು. ಮಾರುಕಟ್ಟೆ ತಾನಾಗಿ ಈ ಎಚ್ಚರಿಕೆ ವಹಿಸಲಿಲ್ಲವೆಂಬುದು ಗಮನಾರ್ಹ. ಹಳೆಯ ತಂಪುಪಾನೀಯದ ಬಾಟಲಿಗೆ ಫಿನಾಯಿಲ್ ತುಂಬಿಡುವ ನಮ್ಮ ಮನೆಗಳಿಗೆ ಆ ಎಚ್ಚರ ಇನ್ನೂ ಪೂರ್ತಿ ಬಂದಿಲ್ಲ.

1893ರಲ್ಲಿ ಆಗ್ನೆಸ್ ತೀರಿಕೊಂಡ ಮೇಲೆ ಲಿಸ್ಟರ್ ಶಸ್ತ್ರವೈದ್ಯ ವೃತ್ತಿಯಿಂದ ದೂರ ಸರಿದರು. ಲಾರ್ಡ್ ಪದವಿ, ರಾಯಲ್ ಸೊಸೈಟಿಯ ಅಧ್ಯಕ್ಷತೆ ಎಲ್ಲವೂ ಬಂದವು. 1912ರ ಫೆಬ್ರುವರಿ 10ರಂದು ನಿಧನರಾದಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅಂತಿಮ ಪ್ರಾರ್ಥನೆ ನಡೆಯಿತು. ದೇಹವನ್ನು ಮಾತ್ರ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಸ್ಮಶಾನದಲ್ಲಿ ಪತ್ನಿಯ ಪಕ್ಕದಲ್ಲೇ ಮಣ್ಣು ಮಾಡಲಾಯಿತು.